ಟ್ಯಾಂಕ್, ಟವರ್, ತೆಂಗಿನ ಮರ: ಹದ್ದು ಎರಗುವ ಕಡೆ ಕೆಲಸ ಮಾಡುವುದು ಹೇಗೆ

ಓವರ್‌ಹೆಡ್ ಟ್ಯಾಂಕ್ ತೊಳೆಯುವವರು, ಮೊಬೈಲ್ ಟವರ್ ಹತ್ತುವವರು, ಲೈನ್‌ಮನ್‌ಗಳು, ಸೋಲಾರ್ ಕೂರಿಸುವವರು, ಅಪಾರ್ಟ್‌ಮೆಂಟ್‌ಗೆ ಬಣ್ಣ ಹೊಡೆಯುವವರು, ತೆಂಗಿನಕಾಯಿ ಕೀಳುವವರು. ಬೇಸಿಗೆಯ ಮುಂಚಿನ ತಿಂಗಳುಗಳಲ್ಲಿ ಇವರೆಲ್ಲರ ತಲೆಯ ಮೇಲೂ ಗೂಡು ಕಾಯುವ ಹದ್ದು ಎರಗುವ ಸಾಧ್ಯತೆ ಇದ್ದೇ ಇದೆ. ಹದ್ದಿನ ಉಗುರಿನಿಂದ ಆಗುವ ಗಾಯ ಸಾಮಾನ್ಯವಾಗಿ ಚಿಕ್ಕದು. ನೆತ್ತಿಯ ಮೇಲೆ ಎರಡು ಮೂರು ಗೀರು, ಒಂದಿಷ್ಟು ರಕ್ತ. ಪ್ರಾಣಕ್ಕೆ ಕುತ್ತು ತರುವುದು ಉಗುರಲ್ಲ, ಬೆಚ್ಚಿ ಕೈಬಿಡುವುದು. ಅರವತ್ತು ಅಡಿ ಎತ್ತರದ ಕಬ್ಬಿಣದ ಏಣಿಯಲ್ಲಿ ನಿಂತವನಿಗೆ ಹಿಂದಿನಿಂದ ಐದು ಅಡಿ ಅಗಲದ ರೆಕ್ಕೆ ರಪ್ಪೆಂದು ಸದ್ದು ಮಾಡಿದರೆ ಕೈ ತಾನಾಗಿಯೇ ತಲೆಗೆ ಹೋಗುತ್ತದೆ. ಕೆಳಗೆ ಬರೆದಿರುವುದೆಲ್ಲ ಎರಡೇ ಕೆಲಸಕ್ಕೆ: ಬೆಚ್ಚದಿರಲು, ಬೆಚ್ಚಿದರೂ ಬೀಳದಿರಲು.

ಯಾವ ಹಕ್ಕಿ, ಯಾವ ತಿಂಗಳು

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಎರಗುವುದು ಬಹುಪಾಲು ಕಂದು ಬಣ್ಣದ ಸಾಮಾನ್ಯ ಹದ್ದು. ಹಾರುವಾಗ ಬಾಲದ ತುದಿ ನಡುವೆ ಕವಲೊಡೆದಂತೆ ಕಾಣುತ್ತದೆ. ಗುರುತು ಹಿಡಿಯಲು ಇದಕ್ಕಿಂತ ಸುಲಭದ ಲಕ್ಷಣವಿಲ್ಲ. ರೆಕ್ಕೆ ಬಿಚ್ಚಿದರೆ ನಾಲ್ಕೂವರೆಯಿಂದ ಐದು ಅಡಿ ಇದ್ದರೂ ತೂಕ ಒಂದು ಕಿಲೋ ಕೂಡ ಇರುವುದಿಲ್ಲ. ದಕ್ಷಿಣದಲ್ಲಿ ಇದು ಗೂಡು ಕಟ್ಟಿ ಮರಿ ಮಾಡುವ ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಏಪ್ರಿಲ್. ಕೆಲವು ಜೋಡಿಗಳು ಇದಕ್ಕೆ ಮುಂಚೆಯೂ, ಕೆಲವು ತಡವಾಗಿಯೂ ಗೂಡು ಮಾಡುತ್ತವೆ. ಮೊಟ್ಟೆ ಎರಡೋ ಮೂರೋ. ಕಾವು ಸುಮಾರು ಒಂದು ತಿಂಗಳು, ಮರಿ ಹಾರಲು ಇನ್ನೂ ಆರರಿಂದ ಎಂಟು ವಾರ. ಅಂದರೆ ಒಂದು ಗೂಡಿನ ಗಲಾಟೆ ಹೆಚ್ಚೆಂದರೆ ಮೂರು ತಿಂಗಳು. ಈ ಲೆಕ್ಕ ಮುಂದೆ ಬೇಕಾಗುತ್ತದೆ, ನೆನಪಿಡಿ.

ಕರಾವಳಿಯಲ್ಲೂ ದೊಡ್ಡ ಕೆರೆಗಳ ಸುತ್ತಲೂ ಗರುಡ ಸಿಗುತ್ತದೆ. ತಲೆ, ಎದೆ ಬಿಳಿ, ಉಳಿದ ಮೈ ಇಟ್ಟಿಗೆ ಬಣ್ಣ, ಬಾಲದ ತುದಿ ದುಂಡಗೆ. ಗೂಡಿನ ಕಾಲ ಹೆಚ್ಚುಕಡಿಮೆ ಅದೇ. ಗರುಡ ಸಾಮಾನ್ಯವಾಗಿ ಮೇಲೆ ಸುತ್ತುತ್ತ ಕೂಗುವುದರಲ್ಲೇ ನಿಲ್ಲಿಸುತ್ತದೆ. ಹಾಗೆಂದು ಹೆಲ್ಮೆಟ್ ಕೆಳಗಿಟ್ಟು ಹತ್ತುವಷ್ಟು ನಂಬಿಕೆ ಬೇಡ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದ ಕಡಲಂಚಿನಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದೂ ಇದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಅದರ ಗೂಡುಗಳಿಗೆ ಹೆಸರಾದದ್ದು. ಗಾತ್ರದಲ್ಲಿ ಬಹಳ ದೊಡ್ಡ ಹಕ್ಕಿ. ಅದೇ ಗೂಡಿಗೆ ವರ್ಷವರ್ಷವೂ ಕಟ್ಟಿಗೆ ಸೇರಿಸುತ್ತ ಹೋಗುವುದರಿಂದ ಗೂಡು ದೂರದಿಂದಲೇ ಕಾಣುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಆ ಮರದ ತಂಟೆಗೆ ಹೋಗದಿರುವುದೇ ಸರಿ.

ಕೊಂಬೆ ಸವರುವವರಿಗೆ ಸಿಗುವುದು ಶಿಕ್ರಾ. ಪಾರಿವಾಳದಷ್ಟು ಗಾತ್ರದ ಗಿಡುಗ. ಮಾವು, ಬೇವು, ಮಳೆಮರದ ಎಲೆಗಳ ನಡುವೆ ಗೂಡು ಅಡಗಿರುವುದರಿಂದ ಗರಗಸ ಹಾಕಿದ ಮೇಲೆಯೇ ಗೊತ್ತಾಗುತ್ತದೆ. ಇದರ ಕಾಲ ಮಾರ್ಚ್‌ನಿಂದ ಜೂನ್, ಅಂದರೆ ಮಳೆಗೆ ಮುಂಚೆ ಕೊಂಬೆ ಸವರುವ ಕಾಲವೇ. ಗೂಬೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಲಿಫ್ಟ್ ಕೋಣೆ, ಪಾಳು ಗೋದಾಮು, ಟ್ಯಾಂಕ್‌ನ ಅಡಿ ಇಂಥಲ್ಲಿ ಕಣಜ ಗೂಬೆ ಇದ್ದರೆ ಬುಸುಗುಟ್ಟುತ್ತದೆ, ಹಾವೆಂದು ಹೆದರಿ ಹಿಂದಕ್ಕೆ ಜಿಗಿಯಬೇಡಿ. ಕತ್ತಲ ಜಾಗಕ್ಕೆ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ, ಅಷ್ಟೆ.

ಹತ್ತುವ ಮೊದಲು ಅರ್ಧ ಗಂಟೆ

ಹೆಚ್ಚಿನ ಅನಾಹುತಗಳು ಆಗುವುದು ಗೂಡು ಎಲ್ಲಿದೆ ಎಂದು ನೋಡದೆ ಹತ್ತಿದ್ದರಿಂದ. ಬೆಳಿಗ್ಗೆ 7ರಿಂದ 9ರ ನಡುವೆ, ಕೆಲಸದ ಜಾಗದಿಂದ ನೂರು ಮೀಟರ್ ದೂರದಲ್ಲಿ, ಎಲ್ಲ ಕಡೆ ಕಾಣುವಂತೆ ನಿಂತು ಅರ್ಧ ಗಂಟೆ ನೋಡಿ. ಎಂಟು ಪಟ್ಟು ಹಿಗ್ಗಿಸುವ ಸಾಧಾರಣ ಬೈನಾಕ್ಯುಲರ್ ಇದ್ದರೆ ಸಾಕು. ಇಲ್ಲದಿದ್ದರೆ ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಬಹುದು.

ನೋಡಬೇಕಾದ್ದು ಇವು. ಹದ್ದಿನ ಗೂಡು ಸುಮಾರು ಎರಡಡಿ ಅಗಲದ ಕಡ್ಡಿಗಳ ಅಟ್ಟಣೆ. ಮರದ ಕವಲಲ್ಲಿ, ಟವರ್‌ನ ಮೂಲೆಯಲ್ಲಿ, ಹೈಮಾಸ್ಟ್ ದೀಪದ ಬುಡದಲ್ಲಿ, ವಿದ್ಯುತ್ ಗೋಪುರದ ತೋಳಲ್ಲಿ ಇರುತ್ತದೆ. ಚಿಂದಿ ಬಟ್ಟೆ, ಪ್ಲಾಸ್ಟಿಕ್ ಹಾಳೆ, ನಾರು, ತಂತಿಯ ತುಂಡು ಅದರಿಂದ ನೇತಾಡುತ್ತಿದ್ದರೆ ಅದು ಕಾಗೆಯದಲ್ಲ, ಹದ್ದಿನದೇ ಎಂದುಕೊಳ್ಳಿ. ಕೆಳಗಿನ ನೆಲದಲ್ಲೂ ಗುರುತುಗಳಿರುತ್ತವೆ: ಬಿಳಿ ಹಿಕ್ಕೆಯ ಕಲೆ, ಕೋಳಿ ಮೂಳೆ, ಇಲಿಯ ಚರ್ಮ, ಉದುರಿದ ಗರಿ. ಒಂದು ಹದ್ದು ಕಡ್ಡಿ ಹಿಡಿದು ಹೋದರೆ ಗೂಡು ಕಟ್ಟುತ್ತಿದೆ. ಗೂಡಿನಲ್ಲಿ ತಲೆ ಮಾತ್ರ ಕಾಣುವಂತೆ ತಗ್ಗಿ ಕೂತಿದ್ದರೆ ಕಾವು ಕೊಡುತ್ತಿದೆ. ಮಾಂಸದ ತುಂಡು ಹೊತ್ತು ಪದೇ ಪದೇ ಒಂದೇ ಕಡೆ ಇಳಿಯುತ್ತಿದ್ದರೆ ಮರಿ ಇದೆ. ಕೊನೆಯ ಹಂತದಲ್ಲೇ ಅದರ ರೋಷ ಹೆಚ್ಚು.

ಬಹಳ ಜನ ಎಡವುವುದು ಇಲ್ಲಿ: ತಾವು ಹತ್ತುವ ಟ್ಯಾಂಕ್ ಮೇಲೆ ಗೂಡು ಇದೆಯೇ ಎಂದಷ್ಟೇ ನೋಡುತ್ತಾರೆ. ಗೂಡು ಪಕ್ಕದ ಸೈಟಿನ ಮಳೆಮರದಲ್ಲಿರುತ್ತದೆ. ನೆಲದಲ್ಲಿ ಅದೇ ಮರದ ಬುಡದಲ್ಲಿ ಇಡೀ ದಿನ ಇಸ್ತ್ರಿ ಗಾಡಿ ನಿಂತಿದ್ದರೂ ಹದ್ದು ಲೆಕ್ಕಿಸುವುದಿಲ್ಲ. ನಾಲ್ಕನೇ ಮಹಡಿಯ ತಾರಸಿಗೆ ಮನುಷ್ಯ ಬಂದು ಗೂಡಿನ ಮಟ್ಟಕ್ಕೋ ಅದಕ್ಕಿಂತ ಮೇಲಕ್ಕೋ ನಿಂತರೆ ಎರಗುತ್ತದೆ. ಆದ್ದರಿಂದ ಕೆಲಸ ನಡೆಯುವ ಎತ್ತರದಲ್ಲಿ ಸುತ್ತ 50 ಮೀಟರ್‌ನಲ್ಲಿರುವ ಪ್ರತಿ ದೊಡ್ಡ ಮರ, ಕಂಬ, ಟವರ್ ನೋಡಬೇಕು.

ಕೊನೆಗೆ ವಾಚ್‌ಮನ್‌ನನ್ನೋ ಎದುರಿನ ಟೀ ಅಂಗಡಿಯವರನ್ನೋ ಕೇಳಿ, ಇಲ್ಲಿ ಯಾರಿಗಾದರೂ ಹದ್ದು ಹೊಡೆದಿದೆಯೇ ಎಂದು. ಅವರ ಒಂದು ಉತ್ತರ ಬೈನಾಕ್ಯುಲರ್‌ಗಿಂತ ಹೆಚ್ಚು ಹೇಳುತ್ತದೆ. ಕೋಳಿ ಅಂಗಡಿಯ ಕಸ ಬೀಳುವ ಜಾಗ, ಜನ ಹದ್ದುಗಳಿಗೆ ಮಾಂಸ ಎಸೆಯುವ ಜಾಗ ಹತ್ತಿರದಲ್ಲಿದ್ದರೆ ಎಚ್ಚರ ಇಮ್ಮಡಿಯಾಗಲಿ. ಮನುಷ್ಯರು ಎಸೆದದ್ದನ್ನು ತಿಂದು ಬದುಕುವ ಹದ್ದುಗಳು ಗೂಡು ಕಾಯುವುದರಲ್ಲಿ ಹೆಚ್ಚು ಧೈರ್ಯ ತೋರುತ್ತವೆ ಎಂಬುದನ್ನು ದೆಹಲಿಯ ಹದ್ದುಗಳ ಅಧ್ಯಯನವೂ ತೋರಿಸಿದೆ.

ಗೂಡು ಇದೆ ಎಂದಾದರೆ

ಮೊದಲ ಆಯ್ಕೆ ಮುಂದೂಡುವುದು. ಗೂಡು ಕಿತ್ತು ಹಾಕಿದರೆ ಮುಗಿಯಿತಲ್ಲ ಎನ್ನುವ ಮೇಸ್ತ್ರಿಗಳಿಗೆ ಎರಡು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂದು ಕರೆಯುವುದರಲ್ಲಿ ಹಕ್ಕಿಯ ಮೊಟ್ಟೆ ಒಡೆಯುವುದಷ್ಟೇ ಅಲ್ಲ, ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದೂ ಸೇರಿದೆ. ಇನ್ನೊಂದು, ಮೊಟ್ಟೆ ಕಳೆದುಕೊಂಡ ಜೋಡಿ ಕೆಲವೇ ವಾರಗಳಲ್ಲಿ ಅಲ್ಲೇ ಮತ್ತೆ ಗೂಡು ಕಟ್ಟಬಹುದು. ಆಗ ನಿಮ್ಮ ಮೂರು ತಿಂಗಳ ಲೆಕ್ಕ ಮೊದಲಿನಿಂದ ಶುರು. ಟವರ್, ವಿದ್ಯುತ್ ಕಂಬಗಳಲ್ಲಿ ಗೂಡಿನಿಂದ ಶಾರ್ಟ್ ಆಗುವ ಅಪಾಯ ನಿಜವಾಗಿಯೂ ಇದ್ದರೆ ಫೋಟೊ ಸಮೇತ ವಲಯ ಅರಣ್ಯಾಧಿಕಾರಿಗೆ ಲಿಖಿತವಾಗಿ ಕೊಟ್ಟು, ಅವರು ಹೇಳಿದಂತೆ ಮಾಡಿ.

ತೆಂಗಿನ ತೋಟದಲ್ಲಿ ಮುಂದೂಡುವುದು ಎಲ್ಲಕ್ಕಿಂತ ಸುಲಭ. ಕಾಯಿ ಕೀಳುವುದು ಸುಮಾರು 45 ದಿನಕ್ಕೊಮ್ಮೆ. ಗೂಡಿರುವ ಒಂದು ಮರವನ್ನು ಎರಡು ಕೊಯ್ಲಿಗೆ ಬಿಟ್ಟರೆ 90 ದಿನ, ಮರಿ ಹಾರಿ ಹೋಗಿರುತ್ತದೆ. ಕೊಬ್ಬರಿಗೆ ಬಿಡುವ ಕಾಯಾದರೆ ನಷ್ಟವೇ ಇಲ್ಲ, ಚೆನ್ನಾಗಿ ಬಲಿತೇ ಬೀಳುತ್ತದೆ. ಎಳನೀರಿಗಾದರೆ ಆ ಒಂದು ಮರದ ಗೊನೆ ಹೋಯಿತು ಎಂದುಕೊಳ್ಳಬೇಕು. ಆದರೆ ಬಲಿತ ಕಾಯಿ ತಾನಾಗಿ ಉದುರುವುದರಿಂದ ಬುಡದಿಂದ ಹದಿನೈದಡಿ ದೂರಕ್ಕೆ ಹಗ್ಗ ಕಟ್ಟಿ, ದನ ಮತ್ತು ಮಕ್ಕಳು ಅಲ್ಲಿ ಸುಳಿಯದಂತೆ ನೋಡಿಕೊಳ್ಳಿ. ಮರಕ್ಕೆ ಸುಣ್ಣದ ಪಟ್ಟೆ ಬಳಿದು ಗುರುತು ಮಾಡಿ. ಕೀಳಲು ಬರುವವರು ಪ್ರತಿ ಸಲ ಬೇರೆಯವರಾಗಿರುತ್ತಾರೆ, ಬಾಯಿಮಾತು ಅವರಿಗೆ ತಲುಪುವುದಿಲ್ಲ. ಪಕ್ಕದ ನಾಲ್ಕಾರು ಮರಗಳ ಕಾಯಿಯನ್ನು ನೆಲದಿಂದಲೇ ದೋಟಿಯಲ್ಲಿ ಕೀಳಲಾದರೆ ಹಾಗೆ ಮಾಡಿ.

ಟ್ಯಾಂಕ್ ತೊಳೆಯುವುದು, ಬಣ್ಣ, ವಾಟರ್‌ಪ್ರೂಫಿಂಗ್ ಇವನ್ನು ಮೇ ತಿಂಗಳಿಗೆ ಇಟ್ಟುಕೊಳ್ಳಬಹುದು. ಒಪ್ಪಂದ ಬರೆಯುವಾಗಲೇ ಒಂದು ಸಾಲು ಸೇರಿಸಿದರೆ ಆಮೇಲೆ ಜಗಳವಿಲ್ಲ.

ಮುಂದೂಡಲಾಗದ ಕೆಲಸ

ನೆಟ್‌ವರ್ಕ್ ಹೋಗಿದೆ, ಕರೆಂಟ್ ಹೋಗಿದೆ, ಟ್ಯಾಂಕ್‌ನ ವಾಲ್ವ್ ಒಡೆದಿದೆ. ಹತ್ತಲೇಬೇಕು. ಆಗ ಬೇಕಾದ್ದು:

ಗದ್ದದ ಪಟ್ಟಿ ಇರುವ ಹೆಲ್ಮೆಟ್, ಐಎಸ್ (ಭಾರತೀಯ ಮಾನದಂಡ) 2925 ಗುರುತಿನದು. ಪಟ್ಟಿ ಇಲ್ಲದ ಹಳದಿ ಟೋಪಿ ಮೊದಲ ಹೊಡೆತಕ್ಕೇ ಹಾರಿ ಕೆಳಗಿನವನ ತಲೆ ಮೇಲೆ ಬೀಳುತ್ತದೆ. ಕಣ್ಣಿಗೆ ಪಕ್ಕವೂ ಮುಚ್ಚುವ ಪಾಲಿಕಾರ್ಬೊನೇಟ್ ಕನ್ನಡಕ. ಕತ್ತಿನ ಹಿಂಭಾಗ ಮುಚ್ಚಲು ದಪ್ಪ ಟವೆಲನ್ನು ಹೆಲ್ಮೆಟ್ ಒಳಪಟ್ಟಿಗೆ ಸಿಕ್ಕಿಸಿ ಭುಜದವರೆಗೆ ಇಳಿಬಿಡಿ. ಹದ್ದು ಹೊಡೆಯುವುದು ಕೊಕ್ಕಿನಿಂದಲ್ಲ, ಕಾಲುಗುರಿನಿಂದ, ಅದೂ ಹಿಂದಿನಿಂದ; ನೆತ್ತಿ, ಕಿವಿ, ಕತ್ತು ಇವೇ ಅದಕ್ಕೆ ಸಿಗುವ ಜಾಗ. ಐಎಸ್ 3521 ಗುರುತಿನ ಪೂರ್ಣ ಮೈ ಹಾರ್ನೆಸ್, ಎರಡು ಕೊಕ್ಕೆಯ ಲ್ಯಾನ್‌ಯಾರ್ಡ್ (ಹಾರ್ನೆಸ್ಸನ್ನು ಏಣಿಗೆ ಬಿಗಿಯುವ ಹಗ್ಗ) ಸಮೇತ. ಸೊಂಟಕ್ಕೆ ಕಟ್ಟುವ ಒಂಟಿ ಬೆಲ್ಟ್ ಈ ಕೆಲಸಕ್ಕೆ ಬರುವುದಿಲ್ಲ. ಸ್ಪ್ಯಾನರ್, ಕಟಿಂಗ್ ಪ್ಲೇಯರ್ ಎಲ್ಲಕ್ಕೂ ಒಂದೊಂದು ಮೀಟರ್ ಹುರಿ ಕಟ್ಟಿ ಹಾರ್ನೆಸ್‌ಗೆ ಬಿಗಿಯಿರಿ, ಬೆಚ್ಚಿದಾಗ ಮೊದಲು ಬೀಳುವುದು ಅವೇ.

ಇಬ್ಬರು ಬೇಕು. ಒಬ್ಬ ಹತ್ತುವವ, ಇನ್ನೊಬ್ಬ ಕೆಳಗೆ ನಿಂತು ಹಕ್ಕಿಯ ಮೇಲೆ ಕಣ್ಣಿಡುವವ. ಕೆಳಗಿನವನಿಗೆ ಬೇರೆ ಕೆಲಸ ಹಚ್ಚಬೇಡಿ. ಹಗ್ಗ ಹಿಡಿಯುವುದು, ಸಾಮಾನು ಕಳಿಸುವುದು ಮಾಡುತ್ತ ಹದ್ದನ್ನು ಕಾಯಲಾಗುವುದಿಲ್ಲ. ಇಬ್ಬರ ನಡುವೆ ಎರಡೇ ಮಾತು ಸಾಕು. "ಬಂತು" ಎಂದರೆ ಮೇಲಿನವನು ಇದ್ದಲ್ಲೇ ಏಣಿಗೆ ಎದೆ ಅಂಟಿಸಿ, ಗದ್ದ ಎದೆಗೆ ಒತ್ತಿ, ಎರಡೂ ಕೈಯಲ್ಲಿ ಹಿಡಿದು ನಿಲ್ಲಬೇಕು. "ಹೋಯ್ತು" ಎಂದರೆ ಮುಂದುವರಿಯಬಹುದು. ಎಡಗಡೆ, ಬಲಗಡೆ ಎಂದೆಲ್ಲ ಕೂಗಿದರೆ ಮೇಲಿನವನು ತಿರುಗಿ ನೋಡುತ್ತಾನೆ, ನೋಡಿದರೆ ಮುಖ ಒಡ್ಡಿದಂತೆ.

ಹೊತ್ತು ಆರಿಸಿಕೊಳ್ಳುವಾಗ ಹಕ್ಕಿಯ ಕಡೆಯಿಂದಲೂ ಯೋಚಿಸಬೇಕಾಗುತ್ತದೆ. ನೀವು ಹತ್ತಿದಾಗ ತಾಯಿಹಕ್ಕಿ ಗೂಡು ಬಿಟ್ಟು ಮೇಲೇಳುತ್ತದೆ. ಬೆಳಿಗ್ಗೆ 11ರಿಂದ 4ರ ಬಿಸಿಲಲ್ಲಿ ನೆರಳಿಲ್ಲದೆ ಬಿಟ್ಟ ಮೊಟ್ಟೆ ಕೆಡುತ್ತದೆ, ಎಳೆ ಮರಿ ಸಾಯುತ್ತದೆ. ಮಳೆಯಲ್ಲೂ ಹಾಗೆಯೇ. ಬೆಳಿಗ್ಗೆ ಎಂಟರಿಂದ ಹತ್ತು ಒಳ್ಳೆಯದು. ಒಂದು ಸಲಕ್ಕೆ 20 ನಿಮಿಷ ಕೆಲಸ, ಇಳಿದು ಒಂದು ಗಂಟೆ ಬಿಡುವು, ಬೇಕಾದರೆ ಮತ್ತೆ ಹತ್ತುವುದು. ಬೇಕಾದ ಎಲ್ಲ ನಟ್ಟು, ಬೋಲ್ಟು, ವಾಷರ್ ಮೊದಲೇ ಚೀಲದಲ್ಲಿ ಜೋಡಿಸಿಕೊಂಡರೆ 20 ನಿಮಿಷದಲ್ಲಿ ಬಹಳಷ್ಟು ಮುಗಿಯುತ್ತದೆ. ಮರಿಗೆ ಐದು ವಾರ ದಾಟಿ ಗರಿ ತುಂಬಿದ್ದರೆ ಗೂಡಿನ ತೀರ ಹತ್ತಿರ ಹೋಗಲೇಬೇಡಿ. ಅದು ಹೆದರಿ ಹಾರಲು ಬರುವ ಮೊದಲೇ ಧುಮುಕುತ್ತದೆ.

ವಿದ್ಯುತ್ ಕಂಬವಾದರೆ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿಸಿದ ಅನುಮತಿ) ತೆಗೆದುಕೊಂಡು, ಅರ್ಥ್ ಮಾಡಿದ ಮೇಲೆಯೇ ಹತ್ತುವ ನಿಯಮ ಎಂದಿನಂತೆ. ಗೂಡಿನಲ್ಲಿ ತಂತಿಯ ತುಂಡುಗಳು ಇರುತ್ತವೆ ಎಂದು ಮೇಲೆ ಹೇಳಿದೆವಲ್ಲ, ಅವುಗಳ ಒಂದು ತುದಿ ಇನ್ನೊಂದು ಫೇಸ್‌ಗೋ ಪಕ್ಕದ ಚಾಲೂ ಲೈನ್‌ಗೋ ತಾಗಿರಬಹುದು. ಗೂಡು ಇರುವ ಕಂಬದಲ್ಲಿ ಒಂದೇ ಸರ್ಕ್ಯೂಟ್ ಬಂದ್ ಮಾಡಿ ಹತ್ತುವುದು ಸರಿಯಲ್ಲ.

ಎರಗಿದಾಗ

ಹದ್ದು ಮೊದಲೇ ಸೂಚನೆ ಕೊಡುತ್ತದೆ. ಕೊಂಬೆಯ ಮೇಲೆ ನೆಟ್ಟಗೆ ಕೂತು ನಿಮ್ಮನ್ನೇ ದಿಟ್ಟಿಸುವುದು, ನಡುಗುವ ಉದ್ದ ಸಿಳ್ಳೆ, ತಲೆಯ ಮೇಲೆ ಸಣ್ಣ ಸುತ್ತು, ಮುಟ್ಟದೆ ರಭಸದಿಂದ ಇಳಿದು ಮೇಲೇಳುವುದು, ಕೊನೆಗೆ ಮುಟ್ಟುವುದು. ಸಿಳ್ಳೆ ಕೇಳಿದಾಗಲೇ ಕೊಕ್ಕೆ ಎರಡೂ ಬಿಗಿದಿದೆಯೇ ನೋಡಿಕೊಳ್ಳಿ. ಮುಟ್ಟದೆ ಒಮ್ಮೆ ಇಳಿದು ಹೋಯಿತೆಂದರೆ ಕೆಲಸ ಅಲ್ಲಿಗೆ ನಿಲ್ಲಿಸಿ, ನಿಧಾನ ಇಳಿಯಿರಿ. ಇನ್ನೊಂದು ಬೋಲ್ಟ್ ತಾನೇ ಎಂದು ಉಳಿಯುವವರಿಗೇ ಏಟು ಬೀಳುವುದು.

ಏಣಿಯಲ್ಲಿ ಮತ್ತು ತಾರಸಿಯಲ್ಲಿ ಮಾಡಬೇಕಾದ್ದು ಬೇರೆ ಬೇರೆ, ಇದನ್ನು ಗೊಂದಲ ಮಾಡಿಕೊಳ್ಳಬಾರದು. ತಾರಸಿಯಲ್ಲಿ, ನೆಲದಲ್ಲಿ ಹದ್ದಿನ ಕಡೆ ಮುಖ ಮಾಡಿ ನಿಂತರೆ ಅದು ಬಹುತೇಕ ದಾರಿ ಬದಲಿಸುತ್ತದೆ. ನೋಡುತ್ತಿರುವವರ ಮೇಲೆ ಎರಗುವುದು ಅದಕ್ಕೆ ಇಷ್ಟವಿಲ್ಲ. ಕನ್ನಡಕ ಹಾಕಿಕೊಂಡು, ಅದನ್ನೇ ನೋಡುತ್ತ ಹಿಂದೆ ಹಿಂದೆ ನಡೆದು ಮೆಟ್ಟಿಲ ಕೋಣೆ ಸೇರಿ. ಹಿಂದೆ ನಡೆಯುವ ಮುಂಚೆ ಪ್ಯಾರಾಪೆಟ್ ಯಾವ ಕಡೆ ಇದೆ ಎಂಬುದು ತಲೆಯಲ್ಲಿರಲಿ. ಓಡಬೇಡಿ. ಛತ್ರಿ ಬಿಚ್ಚಿ ಹಿಡಿದರೆ ಇನ್ನೂ ಒಳ್ಳೆಯದು, ಮೇಲೆ ಲೈನ್ ಇಲ್ಲದಿದ್ದರೆ ಮಾತ್ರ. ಏಣಿಯಲ್ಲಿ, ಮರದಲ್ಲಿ, ಜೋಲು ತೊಟ್ಟಿಲಲ್ಲಿ ಮಾತ್ರ ತಿರುಗುವ ಪ್ರಶ್ನೆಯೇ ಇಲ್ಲ. ಹೊಡೆತ ಹೆಲ್ಮೆಟ್ ಮೇಲೆ ಬೀಳಲಿ ಬಿಡಿ. ಕೈ ಬೀಸುವುದು, ಸ್ಪ್ಯಾನರ್ ಬೀಸುವುದು ಬೇಡ. ಬೀಸಿದ ಕೈ ಹಿಡಿತ ಬಿಟ್ಟ ಕೈ.

ಪಟಾಕಿ, ಕವಣೆ, ನೀರಿನ ಪೈಪು ಇವೆಲ್ಲ ಕಾನೂನಿಗೆ ವಿರುದ್ಧವಷ್ಟೇ ಅಲ್ಲ, ಉಪಯೋಗವೂ ಇಲ್ಲ. ಮುಂದಿನ ಸಲ ಹದ್ದು ಇನ್ನೂ ದೂರದಿಂದಲೇ ಎರಗಲು ಬರುತ್ತದೆ. ಹಳೇ ಸಿಡಿ, ಹೊಳೆಯುವ ಟೇಪು, ಪ್ಲಾಸ್ಟಿಕ್ ಗೂಬೆಗಳಿಗೆ ಊರ ಹದ್ದು ಬೇಗ ಒಗ್ಗಿಹೋಗುತ್ತದೆ. ಹೆಲ್ಮೆಟ್ ಹಿಂದೆ ದೊಡ್ಡ ಕಣ್ಣು ಬರೆಯುವ ಉಪಾಯ ಮಾಡಬೇಕೆನಿಸಿದರೆ ಮಾಡಿ, ಖರ್ಚಿಲ್ಲ. ಅದನ್ನು ನೆಚ್ಚಿಕೊಂಡು ಕಾವಲಿನವನನ್ನು ಮನೆಗೆ ಕಳಿಸಬೇಡಿ.

ಹೆಜ್ಜೇನು

ಹದ್ದಿನ ಜೊತೆಗಿನ ಮುಖಾಮುಖಿಯಲ್ಲಿ ನಿಜವಾಗಿ ಹೆದರಬೇಕಾದ್ದು ಇದಕ್ಕೆ. ಎತ್ತರದ ಟ್ಯಾಂಕ್, ಬಹುಮಹಡಿ ಕಟ್ಟಡದ ಸಜ್ಜಾ, ಸೇತುವೆಯ ಅಡಿ, ದೊಡ್ಡ ಆಲದ ಮರ ಇವೇ ಹೆಜ್ಜೇನು ಕಟ್ಟುವ ಜಾಗಗಳೂ. ಜೇನುಗಿಡುಗ ಎಂಬ ಹಕ್ಕಿಯ ಊಟವೇ ಜೇನುತಟ್ಟಿಯ ಮರಿಹುಳು. ಅದು ತಟ್ಟಿಯನ್ನು ಕಿತ್ತುಕೊಂಡು ಹಾರಿಹೋಗುತ್ತದೆ. ಮುಖದ ಸುತ್ತ ಒತ್ತಾದ ಗಟ್ಟಿ ಗರಿ ಇರುವುದರಿಂದ ಮುಳ್ಳು ಅದಕ್ಕೆ ಸುಲಭವಾಗಿ ನಾಟುವುದಿಲ್ಲ. ಕೆರಳಿದ ನೊಣಗಳಿಗೆ ಕೆಳಗೆ ಸಿಗುವುದು ಕೆಲಸಗಾರರು.

ಆದ್ದರಿಂದ ಮೊದಲ ಅರ್ಧ ಗಂಟೆಯ ನೋಟದಲ್ಲೇ ಹೆಜ್ಜೇನು ತಟ್ಟಿಗಳನ್ನೂ ಎಣಿಸಿ. ಸಣ್ಣ ತಲೆ, ಉದ್ದ ಕತ್ತಿನ ದೊಡ್ಡ ಗಿಡುಗವೊಂದು ತಟ್ಟಿಯ ಸುತ್ತ ಸುಳಿದಾಡಿದರೆ, ಅಥವಾ ತಟ್ಟಿಯ ಮೇಲ್ಮೈಯಲ್ಲಿ ನೊಣಗಳು ಅಲೆಅಲೆಯಾಗಿ ಮಿರುಗತೊಡಗಿದರೆ ಎಲ್ಲರೂ ಇಳಿದು ಒಳಗೆ ಹೋಗಬೇಕು. ದಾಳಿ ಶುರುವಾದರೆ ಅಂಗಿಯನ್ನು ತಲೆಯ ಮೇಲೆಳೆದು ಮುಖ ಮುಚ್ಚಿ, ನೇರ ಓಟದಲ್ಲಿ ಬಾಗಿಲಿರುವ ಕೋಣೆಗೋ ಗಾಜು ಏರಿಸಿದ ವಾಹನಕ್ಕೋ ಸೇರಿ. ಇಲ್ಲಿ ಓಡಬೇಕು, ಹದ್ದಿನ ಹಾಗಲ್ಲ. ನೀರಿಗೆ ಹಾರಬೇಡಿ, ಮೇಲೆದ್ದಾಗ ಅವು ಅಲ್ಲೇ ಕಾದಿರುತ್ತವೆ. ಮುಳ್ಳುಗಳನ್ನು ಎಷ್ಟು ಬೇಗ ತೆಗೆದರೆ ಅಷ್ಟು ಒಳ್ಳೆಯದು, ಉಗುರಿನಿಂದಲೋ ಎಟಿಎಂ ಕಾರ್ಡಿನ ಅಂಚಿನಿಂದಲೋ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ತಲೆ ಸುತ್ತಿದರೆ, ಇಲ್ಲವೇ ಹತ್ತಾರು ಕಡೆ ಕಚ್ಚಿದ್ದರೆ 108ಕ್ಕೆ ಫೋನ್ ಮಾಡಿ.

ಊಟ ಮತ್ತು ಡ್ರೋನ್

ಗೂಡಿಗೆ ಸಂಬಂಧವಿಲ್ಲದ ಇನ್ನೊಂದು ಎರಗು ಊಟದ್ದು. ಬಯಲಲ್ಲಿ ಡಬ್ಬಿ ಬಿಚ್ಚಿದರೆ ಕೈಯಲ್ಲಿನ ಕೋಳಿ ತುಂಡನ್ನು ಹದ್ದು ಎತ್ತಿಕೊಂಡೇ ಹೋಗುತ್ತದೆ, ಬೆರಳಿಗೆ ಉಗುರು ತಾಗುತ್ತದೆ. ಸೂರಿನ ಕೆಳಗೆ ಉಣ್ಣಿ, ಮೂಳೆ ಎಸೆಯಬೇಡಿ. ಸೈಟಿನಲ್ಲಿ ಒಂದು ವಾರ ಮೂಳೆ ಎಸೆದರೆ ಎಂಟನೇ ದಿನದಿಂದ ಅವು ಮಧ್ಯಾಹ್ನದ ಗಂಟೆಗೆ ಹಾಜರು.

ಸರ್ವೆಗೋ ಔಷಧಿ ಸಿಂಪಡಣೆಗೋ ಡ್ರೋನ್ ಹಾರಿಸುವವರು ಹದ್ದು ಹತ್ತಿರ ಬಂದರೆ ಮೊದಲು ನೇರ ಮೇಲಕ್ಕೆ ಏರಿಸಿ. ಹದ್ದಿಗೆ ಮೇಲಿನಿಂದ ಕೆಳಗೆ ಬರುವುದು ಸುಲಭ, ನೆಟ್ಟಗೆ ಏರುವುದು ಕಷ್ಟ. ಆಮೇಲೆ ಗೂಡಿನಿಂದ ದೂರಕ್ಕೆ ಒಯ್ದು ಇಳಿಸಿ. ಅದೇ ಬೆಳಿಗ್ಗೆ ಅದೇ ಜಾಗದಲ್ಲಿ ಮತ್ತೆ ಹಾರಿಸಬೇಡಿ. ಪ್ರೊಪೆಲ್ಲರ್ ತಾಗಿದರೆ ರೆಕ್ಕೆ ಮುರಿಯುತ್ತದೆ, ಡ್ರೋನ್ ಕೂಡ ನೆಲಕ್ಕೆ.

ಗಾಯವಾದರೆ

ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ಹದ್ದಿನ ಉಗುರು ಕೊಳೆತ ಮಾಂಸ ಹಿಡಿದು ಬಂದದ್ದು, ಕೀವಾಗುವುದು ಅದರಿಂದ. ಪೊವಿಡೋನ್ ಅಯೋಡಿನ್ ಹಚ್ಚಿ. ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಎಂಬ ನೆನಪಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಾಯಿ ಕಚ್ಚಿದಾಗ ಕೊಡುವ ಚುಚ್ಚುಮದ್ದು ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ರೇಬಿಸ್ ಹಾಲೂಡುವ ಪ್ರಾಣಿಗಳ ರೋಗ, ಹಕ್ಕಿಯ ಗೀರಿನಿಂದ ಬರುವುದಿಲ್ಲ. ಅರಿಶಿನ, ಕಾಫಿಪುಡಿ ತುಂಬಬೇಡಿ, ವೈದ್ಯರಿಗೆ ಗಾಯದ ಆಳ ಕಾಣಿಸುವುದಿಲ್ಲ. ಕಣ್ಣಿಗೆ ತಾಗಿದ್ದರೆ ಉಜ್ಜಬಾರದು, ಒತ್ತಬಾರದು, ನೀರು ಎರಚಬಾರದು. ಕಾಗದದ ಲೋಟವನ್ನು ಕಣ್ಣಿನ ಸುತ್ತ ಮೂಳೆಗೆ ಆನಿಸಿ ಟೇಪ್ ಹಾಕಿ ನೇರ ಕಣ್ಣಾಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನಲ್ಲಾದರೆ ಸರ್ಕಾರಿ ಮಿಂಟೋ ಆಸ್ಪತ್ರೆ ಇದೆ.

ಪೆಟ್ಟಾದ ಹಕ್ಕಿ ಸಿಕ್ಕರೆ

ಎತ್ತರದಲ್ಲಿ ಕೆಲಸ ಮಾಡುವವರಿಗೆ ಇದು ಎರಗುವ ಹದ್ದಿಗಿಂತಲೂ ಹೆಚ್ಚು ಸಲ ಎದುರಾಗಬಹುದು. ಗಾಳಿಪಟದ ಕಾಲದಲ್ಲಿ ಮಾಂಜಾಕ್ಕೆ ರೆಕ್ಕೆ ಸಿಕ್ಕಿ ಮರದಲ್ಲೋ ಕೇಬಲ್‌ನಲ್ಲೋ ನೇತಾಡುವ ಹದ್ದುಗಳು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ, ಆದರೂ ಮರಗಳಲ್ಲಿ ಅದು ಇದೆ.

ದಾರ ಎಳೆಯಬೇಡಿ. ಎಳೆದಷ್ಟೂ ಅದು ರೆಕ್ಕೆಯ ಸ್ನಾಯು ಕೊಯ್ಯುತ್ತದೆ. ಕತ್ತರಿಯಿಂದ, ಹಕ್ಕಿಯ ಮೈಯಿಂದ ಒಂದು ಗೇಣು ದೂರದಲ್ಲಿ ಎರಡೂ ಕಡೆ ಕತ್ತರಿಸಿ. ಸುತ್ತಿಕೊಂಡ ಭಾಗವನ್ನು ಹಾಗೇ ಬಿಡಿ, ಅದನ್ನು ಬಿಡಿಸುವುದು ಪಶುವೈದ್ಯರ ಕೆಲಸ. ಕೈಗೆ ವೆಲ್ಡರ್‌ಗಳ ಚರ್ಮದ ಕೈಗವಸು ಹಾಕಿ, ಸೈಟುಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ. ದಪ್ಪ ಟವೆಲ್‌ನಿಂದ ಮೊದಲು ತಲೆ, ಆಮೇಲೆ ಮೈ ಮುಚ್ಚಿ. ಕತ್ತಲಾದರೆ ಹಕ್ಕಿ ತಣ್ಣಗಾಗುತ್ತದೆ. ರೆಕ್ಕೆಗಳನ್ನು ಮೈಗೆ ಮಡಿಸಿ, ಎರಡೂ ಕಾಲುಗಳನ್ನು ಪಾದದ ಮೇಲ್ಭಾಗದಲ್ಲಿ ಒಟ್ಟಿಗೆ ಹಿಡಿಯಿರಿ. ಉಗುರು ನಿಮ್ಮ ಕೈಯನ್ನು ಕಚ್ಚಿ ಹಿಡಿದರೆ ಜಗ್ಗಬೇಡಿ, ಜಗ್ಗಿದಷ್ಟೂ ಬಿಗಿಯುತ್ತದೆ. ಇನ್ನೊಬ್ಬರು ಹಕ್ಕಿಯ ಕಾಲನ್ನು ನಿಧಾನವಾಗಿ ನೇರ ಮಾಡಲಿ, ಆಗ ಬೆರಳು ಸಡಿಲವಾಗುತ್ತವೆ. ಮೊದಲು ಹಿಂದಿನ ಬೆರಳು ಬಿಡಿಸಿ.

ಒಂದೂವರೆ ಅಡಿ ಉದ್ದ, ಅಗಲ, ಎತ್ತರದ ರಟ್ಟಿನ ಪೆಟ್ಟಿಗೆ, ಪಕ್ಕದಲ್ಲಿ ಬೆರಳು ಗಾತ್ರದ ಹತ್ತು ತೂತು, ಅಡಿಗೆ ಹಳೇ ಬಟ್ಟೆ. ತಂತಿಯ ಪಂಜರ ಬೇಡ, ಗರಿಗಳು ಮುರಿಯುತ್ತವೆ. ನೀರು ಬಾಯಿಗೆ ಬಿಟ್ಟರೆ ಶ್ವಾಸನಾಳಕ್ಕೆ ಹೋಗುತ್ತದೆ. ಹಾಲು, ಅನ್ನ ಖಂಡಿತ ಕೂಡದು. ಪೆಟ್ಟಿಗೆ ಮುಚ್ಚಿ ನೆರಳಲ್ಲಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಬೆಂಗಳೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯೂ ಇಂಥ ಹಕ್ಕಿಗಳನ್ನು ತೆಗೆದುಕೊಳ್ಳುತ್ತದೆ. ವಿದ್ಯುತ್ ತಂತಿಯಲ್ಲಿ ಸಿಕ್ಕಿದ ಹಕ್ಕಿಯನ್ನು ದೋಟಿಯಿಂದ ಬಿಡಿಸಲು ಹೋಗಲೇಬೇಡಿ, ಒಣ ಬಿದಿರಾದರೂ ಸರಿ. 1912ಕ್ಕೆ ಹೇಳಿ ಲೈನ್ ಬಂದ್ ಮಾಡಿಸಿ. ಒಂದೇ ಜಾಗದಲ್ಲಿ ಹಲವು ಹಕ್ಕಿಗಳು ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಿ.

ಮಾರ್ಚ್, ಏಪ್ರಿಲ್‌ನಲ್ಲಿ ನೆಲದ ಮೇಲೆ ಕೂತ ಹದ್ದಿನ ಮರಿ ಕಂಡರೆ ಎಲ್ಲವೂ ಗಾಯಗೊಂಡದ್ದಲ್ಲ. ಮೈ ತುಂಬ ಗರಿ ಬಂದು, ಎರಡು ಕಾಲ ಮೇಲೆ ನೆಟ್ಟಗೆ ನಿಂತು, ರೆಕ್ಕೆ ಎರಡೂ ಸಮನಾಗಿದ್ದರೆ ಅದು ಹಾರಲು ಕಲಿಯುತ್ತಿದೆ. ನಾಯಿ, ವಾಹನದ ಭಯವಿದ್ದರೆ ಟವೆಲ್‌ನಲ್ಲಿ ಎತ್ತಿ ಹತ್ತಿರದ ಶೆಡ್‌ನ ಮೇಲೋ, ಬಿದಿರು ಬುಟ್ಟಿ ಕಟ್ಟಿದ ಕೊಂಬೆಗೋ ಇಟ್ಟು ದೂರ ಸರಿಯಿರಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು, ಸಂಜೆಯೊಳಗೆ ಊಟ ತರುತ್ತದೆ. ತಂದೆತಾಯಿ ಹಕ್ಕಿಗಳು ಮೇಲೆಯೇ ಸುತ್ತುತ್ತಿರುತ್ತವೆ ಎಂಬುದನ್ನು ಮರೆಯಬೇಡಿ: ಮರಿಗೆ ಬಗ್ಗುವ ಮೊದಲು ಹೆಲ್ಮೆಟ್ ಹಾಕಿ, ಇನ್ನೊಬ್ಬರು ಛತ್ರಿ ಹಿಡಿದು ಹಿಂದೆ ನಿಲ್ಲಲಿ. ಕಣ್ಣು ಮುಚ್ಚಿದ್ದರೆ, ಒಂದು ರೆಕ್ಕೆ ಜೋತಿದ್ದರೆ, ನೊಣ ಮುತ್ತುತ್ತಿದ್ದರೆ, ಮೈಮೇಲೆ ಬಿಳಿ ನವಿರು ಮಾತ್ರ ಇದ್ದರೆ ಪೆಟ್ಟಿಗೆಗೆ ಹಾಕಿ 1926ಕ್ಕೆ ಹೇಳಿ.